ಕುಮುದಾಳ ಶೆಡ್ಡಿನ ಕಾರು

ಕಾಲೇಜಿನ ಲ್ಯಾಬಿನಲ್ಲಿ ಮೂವತ್ತು ವರ್ಷ ಗಾಜಿನ ಕೊಳವೆ ಊದಿ, ಬಗ್ಗಿಸಿ ನಿವೃತ್ತಳಾದ ಕುಮುದಾ, ಮನೆಯ ಖಾಲಿ ಕಾರ್ ಶೆಡ್ಡಿನಲ್ಲಿ ಬರ್ನರ್ ಇಟ್ಟುಕೊಂಡು ಗಾಜಿನ ಮಣಿ, ದೀಪ ಮಾಡತೊಡಗಿದಳು. ಬಡಾವಣೆ ಸಂಘದ ಅಧ್ಯಕ್ಷ ವೀರಭದ್ರಯ್ಯನವರ ಕಣ್ಣು ಕೆಂಪಾಯಿತು.

"ನೋಡಮ್ಮ, ಶೆಡ್ಡು ಇರೋದು ಕಾರಿಗೆ. ಆಯುಧಪೂಜೆ ದಿನ ಬರ್ತೀನಿ. ಒಳಗೆ ಕಾರು ನಿಂತು ಪೂಜೆ ಆಗಿರಬೇಕು. ಇಲ್ಲದಿದ್ರೆ ಈ ಸಾಮಾನೆಲ್ಲ ಬೀದಿಗೆ!"

ಕುಮುದಾಳಿಗೆ ಮೈಯೆಲ್ಲ ಉರಿದುಹೋಯಿತು. ಈ ಮಹಾನುಭಾವರು ತಮ್ಮ ಶೆಡ್ಡನ್ನು ಜೆರಾಕ್ಸ್ ಅಂಗಡಿಗೆ ಬಾಡಿಗೆಗೆ ಕೊಟ್ಟಿದ್ದರು. ಅವರ ಕೆಟ್ಟ ಕಾರು ಮೂರು ವರ್ಷದಿಂದ ಬೀದಿಯಲ್ಲಿ, ಅದೂ ಇವಳ ಗೇಟಿನೆದುರೇ ನಿಂತಿತ್ತು. ಬೈಗುಳ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು ಬರ್ನರ್ ಹೊತ್ತಿಸಿದಳು.

ಆಯುಧಪೂಜೆ ದಿನ ಅಧ್ಯಕ್ಷರು ಸಂಘದವರನ್ನೆಲ್ಲ ಕಟ್ಟಿಕೊಂಡು ಬಂದರು. ಶೆಡ್ಡಿನ ಬಾಗಿಲಿಗೆ ಬಾಳೆಕಂದು, ಒಳಗೆ ಊದುಬತ್ತಿಯ ಹೊಗೆ. ಮಂಗಳಾರತಿ ತಟ್ಟೆ ಎದುರಿಗೆ ಬಂದರೆ ಯಾರು ತಾನೇ ಸುಮ್ಮನಿರುತ್ತಾರೆ? ಅಧ್ಯಕ್ಷರು ಆರತಿ ತೆಗೆದುಕೊಂಡು, ಮೇಜಿನ ಮೇಲಿನ ಹೂವಿನ ರಾಶಿಗೆ ಕೈಮುಗಿದು, ಕಡ್ಲೆಪುರಿ ಬಾಯಿಗೆ ಹಾಕಿಕೊಂಡರು. ಆಮೇಲೆ ಗುಡುಗಿದರು: "ಕಾರೆಲ್ಲಿ?"

"ಈಗ ಕೈಮುಗಿದಿರಲ್ಲ ಸಾರ್, ಅದೇ."

ಕುಮುದಾ ಹೂವು ಸರಿಸಿದಳು. ಗೇಣುದ್ದದ ಗಾಜಿನ ಕಾರು. ಮುಂದೆ ಕುಂಕುಮ. ನಾಲ್ಕು ಚಕ್ರದಡಿ ಗಾಜಿನವೇ ಆದ ನಾಲ್ಕು ನಿಂಬೆಹಣ್ಣು. ಸಂಘದವರು ಕಿಸಕ್ಕನೆ ನಕ್ಕರು.

ಅಧ್ಯಕ್ಷರ ಬಾಯಲ್ಲಿ ಪುರಿ ಅಲ್ಲೇ ನಿಂತಿತು. "ತಮಾಷೆನಾ? ಇದು ಓಡುತ್ತೇನಮ್ಮ?"

ಕುಮುದಾ ಗೇಟಿನಾಚೆ ಬೆರಳು ತೋರಿಸಿದಳು.

"ನನ್ನದು ಶೆಡ್ಡಿನೊಳಗಾದ್ರೂ ನಿಂತಿದೆ ಸಾರ್. ಆ ನಿಮ್ಮ ಕಾರು ಓಡಿದ ದಿನ, ಇದನ್ನೂ ಓಡಿಸಿ ತೋರಿಸ್ತೀನಿ."