ಐದು ಗುಂಡಿ

ನದಿ ದಂಡೆಯ ಆಶ್ರಮದಲ್ಲಿ ಹನ್ನೊಂದು ಜನ ವಾಸವಿದ್ದರು. ಎಲ್ಲರೂ ದೊಡ್ಡವರು. ಹುಟ್ಟಿನಿಂದಲೇ ಅವರಿಗೆ ಕಲಿಕೆ ನಿಧಾನ. ಕೆಲವರಿಗೆ ಮಾತೂ ಇರಲಿಲ್ಲ.

ಅವರನ್ನು ಸಾಕುತ್ತಿದ್ದ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅಜ್ಜಾರಿಗೆ ತಿಪ್ಪೇಶ ಎಂಬ ಶಿಷ್ಯನಿದ್ದ. ಕೆಲಸದಲ್ಲಿ ಚುರುಕು. ಅಳೆದು ನೋಡದೆ ಯಾವುದನ್ನೂ ನಂಬುವವನಲ್ಲ.

ಒಮ್ಮೆ ಅಜ್ಜಾರು ಒಂದು ತಿಂಗಳ ಸಂಚಾರಕ್ಕೆ ಹೊರಟರು.

"ಮನೆ ನಿನ್ನ ಕೈಲಿದೆ, ತಮ್ಮಾ," ಎಂದರು.

"ನೀವು ಬರೋದ್ರೊಳಗೆ ಎಲ್ಲ ಸರಿಮಾಡಿರ್ತೀನಿ, ಅಜ್ಜಾರೆ."

"ಈಗ ಏನು ಸರಿಯಿಲ್ಲ?"

ತಿಪ್ಪೇಶನ ನೋಟ್‌ಬುಕ್ಕಿನಲ್ಲಿ ಒಂದು ಪಟ್ಟಿಯಿತ್ತು.

ಪಟ್ಟಿಯಲ್ಲಿ ಮೊದಲನೆಯದು ಬೆಳಗಿನ ತಿಂಡಿ. ಎಲ್ಲರೂ ಬಂದು ಕೂತ ಮೇಲೆಯೇ ಬಡಿಸುವುದು ಆಶ್ರಮದ ಪದ್ಧತಿ. ಕೊನೆಗೆ ಬರುವವನು ಯಾವಾಗಲೂ ಹೊನ್ನೂರಪ್ಪ. ಹನ್ನೊಂದು ಜನರಲ್ಲೊಬ್ಬ, ವಯಸ್ಸು ನಲವತ್ತೈದು, ಮಾತಿಲ್ಲ. ತನ್ನ ಅಂಗಿಯ ಐದು ಗುಂಡಿಗಳನ್ನು ತಾನೇ ಹಾಕಿಕೊಂಡು ಬರುತ್ತಿದ್ದ. ತಿಪ್ಪೇಶ ಗಡಿಯಾರ ಹಿಡಿದು ನೋಡಿದ್ದ. ಇಪ್ಪತ್ತೆರಡು ನಿಮಿಷ.

ಅಜ್ಜಾರು ಹೋದ ಮೂರನೇ ದಿನ ತಿಪ್ಪೇಶ ದರ್ಜಿಯನ್ನು ಕರೆಸಿದ. ತಲೆಯ ಮೇಲಿಂದ ಹಾಕಿ ಎಳೆದರಾಯಿತು, ಅಂಥ ನಾಲ್ಕು ಜುಬ್ಬ ಹೊಲಿಸಿದ. ಮೆತ್ತನೆ ಬಟ್ಟೆ. ಒಂದೂ ಗುಂಡಿಯಿಲ್ಲ. ಹೊನ್ನೂರಪ್ಪನ ಹಳೆಯ ಅಂಗಿಗಳು ನೆಲ ಒರೆಸುವುದಕ್ಕೆ ಹೋದವು.

ಜುಬ್ಬ ತೊಡಿಸಲು ಅರ್ಧ ನಿಮಿಷ ಸಾಕಾಯಿತು. ಮರುದಿನದಿಂದ ತಿಂಡಿ ಸರಿಯಾಗಿ ಎಂಟಕ್ಕೆ.

"ಸೂರ್ಯನ್ನ ನಿನ್ನ ಕೈಗೆ ಕೊಟ್ರ ಅವಂಗೂ ಗಂಟಿ ಹೊಡಿತೀ ಬಿಡಪಾ," ಎಂದಳು ಅಡುಗೆಯ ಗಂಗವ್ವ.

ತಿಪ್ಪೇಶ ಅದನ್ನು ಹೊಗಳಿಕೆ ಎಂದುಕೊಂಡ.

ತಿಂಗಳು ಕಳೆದು ಅಜ್ಜಾರು ಬಂದರು. ನೆಲ ಹೊಳೆಯುತ್ತಿತ್ತು. ಹಾಸಿಗೆಗಳು ಗೆರೆ ಎಳೆದ ಹಾಗೆ ಒಂದೇ ಸಾಲಿನಲ್ಲಿದ್ದವು. ಪಡಸಾಲೆಯಲ್ಲಿ ಹತ್ತು ಜನ ಸದ್ದಿಲ್ಲದೆ ಕೂತಿದ್ದರು.

"ಚೊಕ್ಕಟ ಇದೆ," ಎಂದರು ಅಜ್ಜಾರು.

ತಿಪ್ಪೇಶ ಒಂದು ಕಾಗದ ಮುಂದಿಟ್ಟ.

"ನಿಮ್ಮ ಸಹಿ ಬೇಕು, ಅಜ್ಜಾರೆ. ಹೊನ್ನೂರಪ್ಪನನ್ನು ಪಟ್ಟಣದ ದೊಡ್ಡ ಕೇಂದ್ರಕ್ಕೆ ಕಳಿಸಬೇಕು."

"ಯಾಕೆ?"

"ಊಟ ಬಿಟ್ಟಿದ್ದಾನೆ. ನಾಲ್ಕು ಕೆಜಿ ಇಳಿದಿದ್ದಾನೆ. ಡಾಕ್ಟರು ನೋಡಿದರು, ಮೈಯಲ್ಲಿ ಏನೂ ತೊಂದರೆ ಇಲ್ಲವಂತೆ. ಇನ್ನು ನಮ್ಮ ಕೈಲಾಗಲ್ಲ. ಅಲ್ಲಿ ನೂರು ಹಾಸಿಗೆ ಇವೆ."

"ಇಲ್ಲಿಂದ ಅಲ್ಲಿಗೆ ಹೋದವರು ಯಾರಾದರೂ ತಿರುಗಿ ಬಂದಿದ್ದಾರಾ?"

"ಇಲ್ಲ."

"ಹೊನ್ನೂರಪ್ಪ ಏನಂತಾನೆ?"

"ಅವನಿಗೆ ಮಾತೇ ಇಲ್ಲವಲ್ಲ, ಅಜ್ಜಾರೆ!"

"ನಿನ್ನ ನೋಟ್‌ಬುಕ್ ಓದು."

ತಿಪ್ಪೇಶ ಓದಿದ. "ನಾಲ್ಕನೇ ದಿನ. ಒಂದೇ ರೊಟ್ಟಿ ತಿಂದ. ಹೊಸ ಲಕ್ಷಣ: ಮಂಚದ ಮೇಲೆ ಕೂತು ಎದೆಯ ಮೇಲೆ ಬೆರಳಾಡಿಸುತ್ತಾನೆ. ಐದನೇ ದಿನ. ಅದೇ ಲಕ್ಷಣ. ಬೆರಳು ಕುತ್ತಿಗೆಯಿಂದ ಕೆಳಕ್ಕೆ ಬರುತ್ತದೆ. ಆರನೇ ದಿನ. ಅರ್ಧ ರೊಟ್ಟಿ. ಬೆರಳು ನಡುನಡುವೆ ನಿಲ್ಲುತ್ತದೆ. ಒಟ್ಟು ಐದು ಕಡೆ..."

ಅವನ ದನಿ ಅಲ್ಲೇ ನಿಂತಿತು.

"ಓದು," ಎಂದರು ಅಜ್ಜಾರು. "ಹೊನ್ನೂರಪ್ಪ ಇನ್ನೂ ಮೂರು ವಾರ ಇದನ್ನೇ ಹೇಳಿದ್ದಾನೆ."

ತಿಪ್ಪೇಶ ಓದಲಿಲ್ಲ. ಎದ್ದು ಒರೆಸುವ ಬಟ್ಟೆಗಳ ಬುಟ್ಟಿಯ ಹತ್ತಿರ ಹೋದ. ಅಂಗಿಗಳೆಲ್ಲ ಚೂರಾಗಿದ್ದವು. ತಳದಲ್ಲಿ ಒಂದು ಮಾತ್ರ ಇಡಿಯಾಗಿ ಉಳಿದಿತ್ತು. ನೀಲಿ ಬಣ್ಣದ್ದು. ಗುಂಡಿಗಳಿರಲಿಲ್ಲ.

ಗಂಗವ್ವ ಅಡುಗೆಮನೆಯಿಂದ ಒಂದು ಡಬ್ಬಿ ತಂದು ಅವನ ಮುಂದೆ ಅಲ್ಲಾಡಿಸಿದಳು. ಒಳಗೆ ಗಲಗಲ ಎಂದಿತು.

"ನಾನೇ ಕಿತ್ತಿಟ್ಟೀನಿ. ಇವತ್ತು ಕೇಳ್ತೀ, ನಾಳೆ ಕೇಳ್ತೀ ಅಂತ ನೋಡಾಕತ್ತಿದ್ದೆ. ತಿಂಗಳಾತು ನೋಡು ನಿನಗ."

"ನೀನಾದ್ರೂ ಹೇಳಬಾರದಿತ್ತಾ, ಗಂಗವ್ವ?"

"ಹೇಳಿದ್ರ ಬರ್ಕೋತಿದ್ದಿ ಅಷ್ಟ."

ತಿಪ್ಪೇಶ ಅಂಗಿ ಒಗೆದು ಒಣಗಿಸಿದ. ಕೂತು ಐದು ಗುಂಡಿ ಹೊಲಿದ. ಎರಡು ಸಲ ಸೂಜಿ ಚುಚ್ಚಿಕೊಂಡ.

ಬೆಳಿಗ್ಗೆ ಅಂಗಿಯನ್ನು ಹೊನ್ನೂರಪ್ಪನ ಮಂಚದ ಮೇಲಿಟ್ಟ. ಹೊನ್ನೂರಪ್ಪ ಅದನ್ನು ನೋಡಿದ. ಎತ್ತಿ ಮೂಸಿದ. ಜುಬ್ಬ ಕಳಚಿ ಬಿಸಾಡಿದ. ಅಂಗಿಯ ತೋಳಿಗೆ ಕೈ ತೂರಿಸಿ, ಕುತ್ತಿಗೆಯ ಗುಂಡಿಯಿಂದ ಶುರುಮಾಡಿದ.

ಎರಡನೆಯ ಗುಂಡಿ ಮೂರು ಸಲ ಜಾರಿತು. ತಿಪ್ಪೇಶನ ಕೈ ತಾನಾಗಿಯೇ ಮುಂದೆ ಹೋಯಿತು.

ಪಕ್ಕದಲ್ಲಿದ್ದ ಅಜ್ಜಾರು ಅಂಚಿನವರೆಗೆ ಹಾಲು ತುಂಬಿದ ಚೆಂಬನ್ನು ಆ ಕೈಗೆ ಕೊಟ್ಟರು.

"ಎರಡೂ ಕೈಯಲ್ಲಿ ಹಿಡ್ಕೋ. ಒಂದು ಹನಿ ಚೆಲ್ಲಬಾರದು."

"ಹಾಲು ಯಾರಿಗೆ, ಅಜ್ಜಾರೆ?"

"ಯಾರಿಗೂ ಅಲ್ಲ. ನಿನ್ನ ಕೈಗೆ."

ತಿಪ್ಪೇಶ ಚೆಂಬು ಹಿಡಿದು ನಿಂತ. ಎಂಟು ಹೊಡೆಯಿತು. ಪಡಸಾಲೆಯಲ್ಲಿ ಕಾಯುತ್ತಿದ್ದವರು ಮಾತಿಗಿಳಿದರು. ಭೀಮವ್ವ ತನ್ನ ಮೇಕೆ ಕಳೆದುಹೋದ ಕಥೆಯನ್ನು ನೂರನೇ ಸಲ ಶುರುಮಾಡಿದಳು. ಯಾರೋ ಜೋರಾಗಿ ನಕ್ಕರು. ಆ ನಗು ಕೇಳಿ ತಿಂಗಳಾಯಿತೆಂದು ತಿಪ್ಪೇಶನಿಗೆ ಆಗ ಹೊಳೆಯಿತು.

ಗುಂಡಿ ಹಾಕಿ ಮುಗಿಸಿ ಹೊನ್ನೂರಪ್ಪ ನೆಟ್ಟಗೆ ಅಡುಗೆಮನೆ ಬಾಗಿಲಿಗೆ ಹೋದ. ಎದೆಯುಬ್ಬಿಸಿ ನಿಂತ.

"ಅಯ್ಯಯ್ಯ, ಯಾರಪಾ ಇದು! ಮದುವಿ ಗಂಡು ದಿಬ್ಬಣ ಬಿಟ್ಟು ನನ್ನ ಒಲಿ ಮುಂದ ಬಂದು ನಿಂತಾನಲ್ಲ!" ಎಂದಳು ಗಂಗವ್ವ.

ಹೊನ್ನೂರಪ್ಪ ನಾಚಿಕೊಂಡ. ಪಡಸಾಲೆಗೆ ಬಂದು ಕೂತ. ಒಂದು ರೊಟ್ಟಿ ಮುಗಿಸಿ ಇನ್ನೊಂದಕ್ಕೆ ತಟ್ಟೆ ಮುಂದೆ ಸರಿಸಿದ. ನಾಲ್ಕು ಸಲ ಸರಿಸಿದ.

ಅಜ್ಜಾರು ಸಹಿಯಿಲ್ಲದ ಕಾಗದವನ್ನು ಗಂಗವ್ವನ ಒಲೆಗೆ ಹಾಕಿ ಬಂದು ಪಂಕ್ತಿಯಲ್ಲಿ ಕೂತರು.

ತಿಪ್ಪೇಶ ಹೊನ್ನೂರಪ್ಪನನ್ನೇ ನೋಡುತ್ತಿದ್ದ. ಮೂರನೆಯ ಗುಂಡಿ ನಾಲ್ಕನೆಯ ತೂತಿಗೆ ಹೋಗಿತ್ತು. ಅಂಗಿಯ ಒಂದು ಅಂಚು ಮೇಲೆ, ಒಂದು ಕೆಳಗೆ. ನೋಡಿದಷ್ಟೂ ಅವನ ಬೆರಳು ತುಡಿಯುತ್ತಿದ್ದವು.

"ಅಜ್ಜಾರೆ," ಎಂದ ಮೆಲ್ಲಗೆ, "ಗುಂಡಿ ತಪ್ಪಿವೆ. ಸರಿಮಾಡಲಾ?"

ಅಜ್ಜಾರು ರೊಟ್ಟಿ ಮುರಿದರು.

"ಅಂಗಿ ಯಾರದು, ತಮ್ಮಾ?"