ನೆಲದೊಳಗಿನ ಮನೆಗೆ ಮೂಗು ಬಂದದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟವನ್ನು ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತಿತ್ತು. ಯಾವ ಕಡೆ ಹರಿಯಬೇಕು ಅಂತ ನದಿಗಳಿಗೇ ಇನ್ನೂ ತೀರ್ಮಾನ ಆಗಿರಲಿಲ್ಲ. ಆಗ ಜೀವಿಗಳೆಲ್ಲ ಮನೆ ಹುಡುಕಿಕೊಂಡು ಹೊರಟವು. ಹಕ್ಕಿ ಮರ ಹಿಡಿಯಿತು. ಮೀನು ನೀರು ಹಿಡಿಯಿತು. ಕೋತಿ ಯಾವುದನ್ನೂ ಹಿಡಿಯಲಿಲ್ಲ, ಇವತ್ತಿಗೂ ಕಂಡವರ ಮಾಡಿನ ಮೇಲೇ ಅದರ ಸಂಸಾರ. ಆ ಮಾತು ಬಿಡು.

ಕೊನೆಗೆ ಉಳಿದವು ಗೆದ್ದಲುಗಳು. ಪಾಪ, ಅವುಗಳ ಮೈ ಬಿಳುಪು, ಈರುಳ್ಳಿ ಸಿಪ್ಪೆಯಷ್ಟು ತೆಳು. ಕಣ್ಣಂತೂ ಇಲ್ಲವೇ ಇಲ್ಲ. ಬಿಸಿಲಲ್ಲಿ ಹತ್ತು ಹೆಜ್ಜೆ ಹಾಕಿದರೆ ಹಪ್ಪಳ!

"ಸೂರ್ಯಪ್ಪಾ, ಸ್ವಲ್ಪ ಮೆಲ್ಲಗೆ ಉರಿಯಪ್ಪಾ," ಅಂತ ಬೇಡಿದವು.

"ನಿಮಗೋಸ್ಕರ ನಾನು ಒಲೆ ಆರಿಸಿಕೊಳ್ಳಲಾ? ಹೋಗ್ರೋ ಹೋಗ್ರೋ," ಅಂದ ಸೂರ್ಯ.

ಆಗ ನೆಲತಾಯಿ ಕರೆದಳು. "ಬನ್ನಿ ಮಕ್ಕಳೇ, ನನ್ನೊಳಗೇ ಬಂದುಬಿಡಿ. ಬೇಸಿಗೆಗೆ ತಂಪು, ಚಳಿಗಾಲಕ್ಕೆ ಬೆಚ್ಚಗೆ. ಆದರೆ ಒಂದು ಮಾತು. ಜಾಗ ನಾನು ಕೊಡ್ತೀನಿ, ಉಸಿರು ನೀವೇ ನೋಡಿಕೊಳ್ಳಬೇಕು."

ಖುಷಿಯಲ್ಲಿ ಆ ಕೊನೆಯ ಮಾತು ಯಾರ ಕಿವಿಗೂ ಬೀಳಲಿಲ್ಲ.

ಗೆದ್ದಲುಗಳು ನೆಲ ಕೊರೆದು ಮನೆ ಮಾಡಿದವು. ಅದೇನು ಮನೆ ಅಂತೀಯಾ! ಅಟ್ಟದ ಮೇಲೆ ಅಟ್ಟ, ಓಣಿಯ ಪಕ್ಕ ಓಣಿ. ಮರಿಗಳಿಗೆ ತೊಟ್ಟಿಲ ಕೋಣೆ. ಊಟಕ್ಕೆ ಅಣಬೆಯ ತೋಟ. ನಟ್ಟನಡುವೆ ಎಲ್ಲರನ್ನೂ ಹೆತ್ತ ಹೆತ್ತವ್ವನ ಕೋಣೆ. ಸೋರುವ ಚಾವಣಿ ಇಲ್ಲ, ಹಾರಿಹೋಗುವ ಹುಲ್ಲಿನ ಹೊದಿಕೆ ಇಲ್ಲ. ಹೊರಗೆ ಕಲ್ಲು ಕಾದು ಸಿಡಿಯುತ್ತಿದ್ದರೂ ಒಳಗೆ ಬಾವಿಕಟ್ಟೆಯ ತಂಪು.

ಆ ಮನೆಗೆ ಒಂದೇ ಒಂದು ಕಟ್ಟಳೆ. ಮೊಟ್ಟೆಯಿಂದ ಹೊರಗೆ ಬಂದ ಮರಿಗೆ ಮೊದಲ ದಿನವೇ ಅದನ್ನು ಬಾಯಿಪಾಠ ಮಾಡಿಸುತ್ತಿದ್ದರು.

"ತೆರೆದ ಬಾಯಿ ಮುಚ್ಚು, ಮುಚ್ಚಿ ಎಂಜಲು ಹಚ್ಚು."

ಎಲ್ಲೇ ಸಣ್ಣ ಬಿರುಕು ಸಿಕ್ಕರೂ ಓಡಿಹೋಗಿ ಮಣ್ಣು ತುಂಬಬೇಕು, ಎಂಜಲು ಮೆತ್ತಿ ಗಟ್ಟಿ ಮಾಡಬೇಕು. ಯಾಕೆ ಅಂದರೆ ಹೊರಗೆ ಕೆಂಜಿಗ ಇರುವೆಗಳು ಕಾಯುತ್ತಿದ್ದವು. ಇದ್ದ ಒಂದು ಬಾಗಿಲನ್ನು ಕಾಯುವವನು ದ್ಯಾಮಣ್ಣ. ಅವನ ಮೈಗಿಂತ ತಲೆಯೇ ದಪ್ಪ. ಇರುವೆ ಬಂದರೆ ಆ ತಲೆಯನ್ನೇ ಬಾಗಿಲಿಗೆ ಬಿರಡೆ ಮಾಡಿ ಕೂತುಬಿಡುತ್ತಿದ್ದ. ಒಳ್ಳೆಯವನೇ, ಆದರೆ ಮೊಂಡ.

ಹೆತ್ತವ್ವನಿಗೆ ತುತ್ತು ಕೊಡುವ ಕೆಲಸ ಕೆಮ್ಮಣ್ಣಿಯದು. ಚುರುಕು ಹೆಣ್ಣು, ಬಾಯಿ ಮಾತ್ರ ಸ್ವಲ್ಪ ಜೋರು. ಒಂದು ದಿನ ಅವಳು ತುತ್ತು ಹಿಡಿದು ಹೋದರೆ ಹೆತ್ತವ್ವ ಬಾಯಿ ತೆರೆಯಲಿಲ್ಲ.

"ಯಾಕವ್ವಾ, ಅಣಬೆ ಹುಳಿ ಆಗಿದೆಯಾ?"

"ಅಣಬೆ ಅಲ್ಲ ಕೂಸೇ. ಎದೆ ಮೇಲೆ ಯಾರೋ ಕೂತ ಹಾಗಿದೆ."

ಕೆಮ್ಮಣ್ಣಿ ಕೋಣೆಯ ಗೋಡೆ ಮುಟ್ಟಿ ನೋಡಿದಳು. ಬೆವರುತ್ತಿತ್ತು. ತೋಟಕ್ಕೆ ಹೋದಳು, ಅಣಬೆ ಕೊಳೆತು ನಾರುತ್ತಿತ್ತು. ತೊಟ್ಟಿಲ ಕೋಣೆಗೆ ಹೋದಳು, ಮರಿಗಳು ತೂಕಡಿಸುತ್ತಿದ್ದವು. ಆಗ ಅವಳಿಗೆ ತಿಳಿಯಿತು. ಲಕ್ಷ ಲಕ್ಷ ಮೂಗು ಒಂದೇ ಗಾಳಿಯನ್ನು ಉಸಿರಾಡಿ ಉಸಿರಾಡಿ ಅದು ಎಂಜಲಾಗಿ ಹೋಗಿತ್ತು. ಸಾಲದ್ದಕ್ಕೆ ಹೊಸ ಕೋಣೆ ಕೊರೆದ ಮಣ್ಣನ್ನೆಲ್ಲ ಹಳೆಯ ಓಣಿಗಳಲ್ಲೇ ರಾಶಿ ಹಾಕಿದ್ದರು. ಹೊರಗೆ ಹಾಕೋಣ ಅಂದರೆ ಕಟ್ಟಳೆ ಬಿಡಬೇಕಲ್ಲ!

"ದ್ಯಾಮಣ್ಣಾ, ಒಂದು ಕಿಂಡಿ ಮಾಡೋಣ. ಅವ್ವನಿಗೆ ಉಸಿರಾಡೋಕೆ ಆಗ್ತಿಲ್ಲ."

"ಕಟ್ಟಳೆ ಮರೆತೆಯಾ? ತೆರೆದ ಬಾಯಿ ಮುಚ್ಚು."

"ಅವ್ವನೇ ಹೋದಮೇಲೆ ಕಟ್ಟಳೆ ಇಟ್ಟುಕೊಂಡು ಪೂಜೆ ಮಾಡ್ತೀಯಾ?"

"ಮುಚ್ಚಿ ಎಂಜಲು ಹಚ್ಚು," ಅಂದ ದ್ಯಾಮಣ್ಣ. ಗೋಡೆಯಾದರೂ ಇವನಿಗಿಂತ ಒಂದು ಮಾತು ಹೆಚ್ಚು ಆಡುತ್ತಿತ್ತು.

ಕೆಮ್ಮಣ್ಣಿ ಸುಮ್ಮನಿರುವವಳಲ್ಲ. ಹೆತ್ತವ್ವನ ಕೋಣೆಯಿಂದ ನೆಲದ ಮೇಲಿನವರೆಗೂ ತಾನೇ ಒಂದು ತೂತು ಕೊರೆದಳು. ಒಳಗಿನ ಬಿಸಿ ಗಾಳಿ ಬುಸ್ಸಂತ ಮೇಲೆದ್ದು ಹೋಯಿತು. ಹೆತ್ತವ್ವ "ಹಾ..." ಅಂದಳು. ಎರಡೇ ಎರಡು ಸಲ. ಮೂರನೆಯ ಸಲಕ್ಕೆ ಕೆಂಜಿಗಗಳು ಒಳನುಗ್ಗಿದವು.

ಅಯ್ಯೋ, ಆ ಗಲಾಟೆ ಕೇಳಬೇಡ! ದ್ಯಾಮಣ್ಣ ಓಡಿಬಂದು ತಲೆ ಕೊಟ್ಟು ತೂತು ಮುಚ್ಚುವ ಹೊತ್ತಿಗೆ ನಲವತ್ತು ಮೊಟ್ಟೆ ಹೋಗಿದ್ದವು. ಅವನ ಒಂದು ಮೀಸೆಯೂ ಮುರಿದಿತ್ತು. ಇಡೀ ಮನೆ ಕೆಮ್ಮಣ್ಣಿಯನ್ನು ಬೈಯಿತು.

"ತಪ್ಪು ನನ್ನದೇ," ಅಂತ ಅವಳು ಅತ್ತಳು. ಅಳುತ್ತಲೇ ತೂತಿಗೆ ಮಣ್ಣು ಮೆತ್ತಿದಳು. ಇನ್ನೇನು ಕೂದಲೆಳೆಯಷ್ಟು ಸಂದಿ ಉಳಿದಿತ್ತು, ಆಗ ಗಾಳಿ ಹುಲ್ಲಿನ ಮೇಲೆ ಹಾದುಹೋಯಿತು.

"ಗಾಳಿಯಣ್ಣಾ, ನಿಲ್ಲು! ಎಲ್ಲರ ಮನೆಗೂ ಹೋಗ್ತೀಯ, ನಮ್ಮನೆ ಏನು ಪಾಪ ಮಾಡಿತ್ತು?"

"ನಿಂತರೆ ನಾನು ಗಾಳಿ ಹೇಗಾಗ್ತೀನಿ ತಂಗೀ?" ಗಾಳಿ ಅಲ್ಲೇ ಸುತ್ತು ಹೊಡೆಯಿತು. "ಬರೋಕೆ ನನಗೂ ಆಸೆಯೇ. ಆದರೆ ಕೆಳಗೆ ಹುಲ್ಲು ಕಾಲಿಗೆ ತೊಡರುತ್ತೆ. ನನ್ನ ಓಟವೆಲ್ಲ ಆಳೆತ್ತರದಲ್ಲಿ. ನಿಮ್ಮ ಬಾಯಿ ಅಲ್ಲಿಗೆ ತಂದಿಡು. ಮತ್ತೆ, ಒಂದು ಬಾಯಿ ಸಾಲದು. ಬಂದ ದಾರಿಯಲ್ಲೇ ತಿರುಗಿ ಹೋಗೋದು ನನ್ನ ಜಾಯಮಾನವಲ್ಲ."

"ಆಳೆತ್ತರಾನಾ? ನಾನಿರೋದು ಅಕ್ಕಿಕಾಳಿನಷ್ಟು!"

"ನೀನೊಬ್ಬಳೇ ಇದ್ದೀಯೇನು?" ಅಂದು ಗಾಳಿ ಹೋಗೇಬಿಟ್ಟಿತು.

ಕೆಮ್ಮಣ್ಣಿ ಅಳು ನಿಲ್ಲಿಸಿ ಎಲ್ಲರನ್ನೂ ಹೆತ್ತವ್ವನ ಕೋಣೆಗೆ ಕರೆದಳು. "ಓಣಿಯಲ್ಲಿ ಬಿದ್ದಿರೋ ಮಣ್ಣಿನಿಂದ ನೆಲದ ಮೇಲೆ ಒಂದು ಟೊಳ್ಳು ಗೋಪುರ ಕಟ್ಟೋಣ. ಬಿಸಿ ಗಾಳಿ ತಾನಾಗೇ ಮೇಲೆ ಹೋಗುತ್ತೆ, ತೂತು ಕೊರೆದಾಗ ನನ್ನ ಮುಖಕ್ಕೇ ಬಡಿದುಹೋಯಿತು. ದಾರಿ ಕೊಟ್ಟರೆ ಸಾಕು."

"ಮತ್ತೆ ಇರುವೆ?" ಅಂದ ದ್ಯಾಮಣ್ಣ. ಎಲ್ಲರೂ ಗುಸುಗುಸು ಶುರುಮಾಡಿದರು.

ಹೆತ್ತವ್ವ ಕಷ್ಟಪಟ್ಟು ಬಾಯಿ ತೆರೆದಳು. "ನಿಮಗೆಲ್ಲ ನಾನು ಒಂದೊಂದು ಜೀವ ಕೊಟ್ಟೆ. ನೀವು ನನಗೆ ಒಬ್ಬೊಬ್ಬರು ಒಂದು ತುತ್ತು ಮಣ್ಣು ಕೊಡಲಾರಿರಾ?"

ಗುಸುಗುಸು ನಿಂತಿತು. ದ್ಯಾಮಣ್ಣ ಮುಂದೆ ಬಂದ. ಮುರಿದ ಮೀಸೆ ಸವರಿಕೊಂಡು ಹೇಳಿದ, "ಆಗಲಿ. ಮೇಲೆ ಬಾಯಿ ಎಷ್ಟು ದೊಡ್ಡದಾದರೂ ಮಾಡು. ಕೆಳಗೆ ಮನೆಗೆ ಬರೋ ದಾರಿ ಮಾತ್ರ ನನ್ನ ತಲೆಯಷ್ಟೇ ಅಗಲ ಇರಬೇಕು. ಒಂದೊಂದು ದಾರಿಗೆ ನನ್ನಂಥ ಕಾವಲುಗಾರರ ಒಂದೊಂದು ತಲೆ. ಅದು ನನ್ನ ಹೊಣೆ."

"ಅಣ್ಣಾ, ನಿನ್ನ ತಲೆ ದಪ್ಪ ಅಂತ ಇನ್ನೊಂದು ಸಲ ನಗಲ್ಲ," ಅಂದಳು ಕೆಮ್ಮಣ್ಣಿ. ಆಮೇಲೂ ನಕ್ಕಳು, ಅದು ಬೇರೆ ವಿಷಯ.

ಕೆಲಸ ಶುರುವಾಯಿತು. ಒಬ್ಬೊಬ್ಬರು ಒಂದು ತುತ್ತು ಮಣ್ಣು, ಒಂದು ಹನಿ ಎಂಜಲು. ಕಣ್ಣಿಲ್ಲದವರಿಗೆ ದಿಕ್ಕು ತೋರಿಸುವವರು ಯಾರು? ಆ ಬಿಸಿ ಉಸಿರೇ. ಅದು ಮೇಲೆ ಹೋದ ಕಡೆಗೇ ಒಳಗಿನಿಂದ ಗೋಡೆ ಎತ್ತುತ್ತ ಹೋದರು. ಗೇಣುದ್ದ ಆಯಿತು. ಮೊಳದುದ್ದ ಆಯಿತು. ಒಳಗಿನ ಓಣಿಗಳೂ ಖಾಲಿಯಾಗುತ್ತ ಬಂದವು.

ಸೂರ್ಯನಿಗೆ ಸಿಟ್ಟು ಬಂತು. "ನನ್ನೆದುರಿಗೇ ತಲೆ ಎತ್ತುತ್ತೀರಾ?" ಅಂತ ಕೆಂಡ ಸುರಿದ. ಹಸಿ ಗೋಡೆ ಬಿರುಕು ಬಿಟ್ಟಿತು. ಇವರು ಮೆತ್ತಿದರು. ಮತ್ತೆ ಬಿರುಕು ಬಿಟ್ಟಿತು. ಮತ್ತೆ ಮೆತ್ತಿದರು. ಸುಟ್ಟೂ ಸುಟ್ಟೂ ಗೋಡೆ ಇಟ್ಟಿಗೆಯಾಯಿತು! ಕೇಡು ಮಾಡಲು ಹೋಗಿ ಕುಂಬಾರನ ಕೆಲಸ ಮಾಡಿಕೊಟ್ಟೆನಲ್ಲಾ ಅಂತ ಸೂರ್ಯ ಮೋಡದ ಹಿಂದೆ ಮುಖ ಮುಚ್ಚಿಕೊಂಡ.

ಗೋಪುರ ಆಳೆತ್ತರ ಮುಟ್ಟಿದ ದಿನ ಹೆತ್ತವ್ವನ ಉಸಿರು ನೂಲಿನಷ್ಟಾಗಿತ್ತು. ಕೆಮ್ಮಣ್ಣಿ ತುದಿಗೆ ಹತ್ತಿದಳು. ಹುಟ್ಟಿದಾರಭ್ಯ ಮುಚ್ಚುವುದನ್ನೇ ಕಲಿತ ಬಾಯಿ ಅದು. ಆದರೂ ಕಚ್ಚಿ ಮಣ್ಣು ಕಿತ್ತಳು. ಒಂದು ಬಾಯಿ ತೆರೆಯಿತು. ಪಕ್ಕಕ್ಕೆ ಹೋಗಿ ಇನ್ನೊಂದು ತೆರೆದಳು.

"ಗಾಳಿಯಣ್ಣಾ, ಬಾರೋ!"

ಬಂತು ನೋಡು ಗಾಳಿ! ಒಂದು ಬಾಯಲ್ಲಿ ನುಗ್ಗಿತು, ಓಣಿ ಓಣಿ ಸುತ್ತಿತು, ತೊಟ್ಟಿಲ ಮರಿಗಳ ಕೆನ್ನೆ ತಟ್ಟಿತು, ಎಂಜಲು ಗಾಳಿಯನ್ನೆಲ್ಲ ಹೆಗಲ ಮೇಲೆ ಹೊತ್ತು ಇನ್ನೊಂದು ಬಾಯಲ್ಲಿ ಹೊರಟುಹೋಯಿತು. ಹೆತ್ತವ್ವ "ಹಾ..." ಅಂದಳು. ಎರಡನೆಯ ಸಲ ಅಂದಳು. ಮೂರನೆಯ ಸಲವೂ ಅಂದಳು!

"ಕೆಮ್ಮಣ್ಣೀ, ಎಲ್ಲಿ ನನ್ನ ತುತ್ತು? ಹೊಟ್ಟೆ ಹಸಿದು ಸಾಯ್ತಿದ್ದೀನಿ."

ಮನೆಗೆ ಮನೆಯೇ ಕುಣಿಯಿತು. ದ್ಯಾಮಣ್ಣ ಬಾಗಿಲು ಬಿಟ್ಟು ಬಂದು ಕುಣಿದ. ಆಮೇಲೆ ನೆನಪಾಗಿ ಓಡಿಹೋದ.

ಸುದ್ದಿ ಕೇಳಿ ಕೆಂಜಿಗಗಳೂ ಬಂದವು. ಗೋಪುರ ಹತ್ತಿ, ಬಾಯಲ್ಲಿ ಇಳಿದು, ಬಲದ ದಾರಿಗೆ ಹೋದವು. ಅಲ್ಲೊಂದು ದಪ್ಪ ತಲೆ. ಎಡದ ದಾರಿಗೆ ಹೋದವು. ಅಲ್ಲೂ ಒಂದು ದಪ್ಪ ತಲೆ. ಎಲ್ಲಿ ಹೋದರೂ ತಲೆಯೇ! ಬಂದ ದಾರಿಗೆ ಸುಂಕವಿಲ್ಲ ಅಂತ ಬರಿಗೈಲಿ ತಿರುಗಿದವು. ಮೊದಲ ಮಳೆ ಬಿತ್ತು, ಗೋಪುರ ಕರಗಲಿಲ್ಲ. ಒಳಗಿನ ತೋಟದ ಅಣಬೆಯೂ, "ನಾನೂ ಗಾಳಿ ನೋಡಬೇಕು" ಅಂತ ನೆಲ ಸೀಳಿ ಮೇಲೆ ಬಂದು ಕೊಡೆ ಬಿಚ್ಚಿ ನಿಂತಿತು.

ಅಂದಿನಿಂದ ಮರಿಗಳು ಕಲಿಯುವ ಕಟ್ಟಳೆಯೂ ಬದಲಾಯಿತು. "ಕೆಳಗಿನ ಬಾಯಿ ಮುಚ್ಚು, ಮೇಲಿನ ಬಾಯಿ ಬಿಚ್ಚು."

ಒಂದು ಮಧ್ಯಾಹ್ನ ಹಾವೊಂದು ಬಿಸಿಲಿಗೆ ಬಳಲಿ ಬಂದು, ತಂಪು ಬಾಯಿಯೊಂದರಲ್ಲಿ ತೂರಿ, ಸುತ್ತಿಕೊಂಡು ಬುಸುಗುಟ್ಟಿತು. "ಈ ಮನೆ ಇನ್ನು ನನ್ನದು."

ಕೆಮ್ಮಣ್ಣಿಗೆ ನಗು ತಡೆಯಲಾಗಲಿಲ್ಲ. "ಇರಪ್ಪಾ, ಸುಖವಾಗಿರು. ನೀನು ಕೂತಿರೋದು ನಮ್ಮ ಮೂಗಿನ ಹೊಳ್ಳೆಯಲ್ಲಿ."

ಅದಕ್ಕೇ ಮಗಾ, ಬಯಲಲ್ಲಿ ಹುತ್ತ ಕಂಡಾಗ ಗೆದ್ದಲು ಕಟ್ಟಿದ ಮನೆ ಹಾವಿನ ಪಾಲಾಯಿತು ಅಂತ ಯಾರಾದರೂ ಮರುಗಿದರೆ ನೀನು ಮರುಗಬೇಡ, ಕೈಯನ್ನೂ ಹಾಕಬೇಡ. ದೂರ ನಿಂತು ಆ ಬಾಯಿಗಳನ್ನು ನೋಡು, ನಿನ್ನ ಕಾಲ ಕೆಳಗೆ ಹೆತ್ತವ್ವ ಈಗಲೂ ಅವುಗಳಿಂದಲೇ ಉಸಿರಾಡುತ್ತಿದ್ದಾಳೆ.