ಗಿಣಿಯ ಪಾಠ, ಚೀಲದ ಕಾಳು

ಹ್ಞೂಂ ಅಂತಿರಿ ಮಕ್ಕಳೇ, ನೀವು ಸುಮ್ಮನಾದರೆ ನಾನೂ ಸುಮ್ಮನಾಗ್ತೀನಿ. ಸಾಸಲುಗಿರಿ ಅಂತ ಒಂದು ರಾಜ್ಯ. ಅಲ್ಲಿಯ ರಾಜನಿಗೆ ಮಹಾ ಅನುಮಾನ. ಉಣ್ಣೋ ಅನ್ನದ ಮೇಲೆ ಅನುಮಾನ, ಮಲಗೋ ಮಂಚದ ಮೇಲೆ ಅನುಮಾನ, ಕಟ್ಟಿಕೊಂಡ ರಾಣಿ ಮೇಲೂ ಅನುಮಾನ! ಅವನ ಮೂರು ಕಣಜಗಳನ್ನ ಚೆನ್ನಾಜಮ್ಮ ಅನ್ನೋ ಹೆಂಗಸು ನೋಡಿಕೊಳ್ತಿದ್ದಳು. ಆದರೆ ರಾಜ ಅವಳನ್ನ ನಂಬಬೇಕಲ್ಲ? ಮೂರು ಬಾಗಿಲಿಗೂ ಒಂದೊಂದು ಗಿಣಿ ಕೂರಿಸಿದ್ದ. ಬಂದವರು ಗುಟ್ಟಿನ ಮಾತು ಹೇಳಬೇಕು. ಸರಿಯಿದ್ದರೆ ಗಿಣಿ "ಅಗುಳಿ ತೆಗಿ" ಅನ್ನಬೇಕು. ಆಮೇಲೇ ಕಾವಲಿನವನು ಬಾಗಿಲು ತೆಗೆಯೋದು.

ಗಿಣಿಗಳ ಮೇಷ್ಟ್ರು ಸಿರಿಯಣ್ಣ. ಗುಟ್ಟಿನ ಮಾತನ್ನೂ ಪಾಠದೊಳಗೇ ಸೇರಿಸಿ ಬಾಯಿಪಾಠ ಮಾಡಿಸಿದ್ದ. ಒಂದು ಗಿಣಿ ಸತ್ತರೆ ಅದೇ ಪಾಠದ ಇನ್ನೊಂದನ್ನ ತಂದು ಕೂರಿಸೋನು.

ಒಂದು ದಿನ ಹಾಡುಹಗಲೇ ಮೊದಲನೇ ಕಣಜದ ಭತ್ತ ಹೋಯ್ತು. ಇನ್ನೊಂದು ದಿನ ಎರಡನೇ ಕಣಜದ ರಾಗಿ ಹೋಯ್ತು. ಯಾರೋ ಒಬ್ಬ ಗಾಡಿ ತಂದನಂತೆ, ಮಾತು ಹೇಳಿದನಂತೆ, ಗಿಣಿ ಒಪ್ಪಿತಂತೆ.

ರಾಜ ಚೆನ್ನಾಜಮ್ಮನನ್ನ ಕರೆಸಿ ಗುಡುಗಿದ. "ನನಗೆ ನಿನ್ನ ಮೇಲೇ ಅನುಮಾನ. ಮೂರನೇದರಲ್ಲಿ ಬಿತ್ತನೆ ಬೀಜ ಇದೆ. ಅದೂ ಹೋದರೆ ನಿನಗೆ ಗಡಿಪಾರು!"

ಪಾಪ, ಅವಳು ನೇರವಾಗಿ ಸಿರಿಯಣ್ಣನ ಹತ್ತಿರ ಹೋದಳು. "ಅಣ್ಣಾ, ಗುಟ್ಟಿನ ಮಾತು ಬದಲಾಯಿಸಬಾರದಾ?"

"ಅದೇನು ಸೀರೆ ಬದಲಾಯಿಸಿದಂಗಾ ತಾಯಿ? ಹಳೇ ಪಾಠ ಮರೆಸಿ ಹೊಸದು ಕಲಿಸೋಕೆ ಆರು ತಿಂಗಳು ಬೇಕು" ಅಂತ ನಕ್ಕ ಸಿರಿಯಣ್ಣ. ಆ ನಗು ಅವಳಿಗೆ ಯಾಕೋ ಹಿಡಿಸಲಿಲ್ಲ.

ಅವಳು ಕೆಲ ದಿನ ಯಾರಿಗೂ ತೆಗೆಯದ ಹಾಗೆ ಕಣಜಗಳ ಬಾಗಿಲು ಹಾಕಿಸಿದಳು. ತಾನೇ ಮೂರು ಹೊಸ ಗಿಣಿ ಸಾಕಿದಳು. ಮೂರಕ್ಕೂ ಒಂದೇ ಪಾಠ: ಪಂಜರದೊಳಗೆ ಕಟ್ಟಿದ ಚೀಲ ನೋಡು, ಬಂದವರ ಕೈ ನೋಡು, ಎರಡರಲ್ಲೂ ಒಂದೇ ಕಾಳಿದ್ದರೆ "ಅಗುಳಿ ತೆಗಿ" ಅನ್ನು. ಗಿಣಿಗೆ ಕಾಳಿನ ಗುರುತು ಯಾರೂ ಹೇಳಿಕೊಡಬೇಕಿಲ್ಲವಲ್ಲ! ಹದಿನೈದೇ ದಿನಕ್ಕೆ ಕಲಿತವು, ಹಳೇ ಗಿಣಿಗಳ ಜಾಗಕ್ಕೆ ಬಂದು ಕೂತವು. ಒಂದೊಂದು ಬಾಗಿಲಿಗೆ ಒಂದೊಂದು ಕಾಳು, ದಿನಾ ಬೆಳಿಗ್ಗೆ ಬೇರೆ ಕಾಳು. ಕಾಳು ತೋರಿಸಬೇಕು ಅಂತ ಎಲ್ಲರಿಗೂ ಗೊತ್ತು, ಯಾವ ಕಾಳು ಅಂತ ಅವಳಿಗೊಬ್ಬಳಿಗೇ ಗೊತ್ತು.

ಆದರೂ ಮನಸ್ಸಿಗೆ ನೆಮ್ಮದಿ ಇಲ್ಲ. ಕಳ್ಳ ಒಳಗಿನವನೇ ಅಂತ ಅವಳ ಅನುಮಾನ. ಕಾವಲಿನವನ ಕಿವಿಯಲ್ಲಿ, "ಯಾರಿಗೂ ಹೇಳಬೇಡಪ್ಪ, ನಾಳೆ ಬೀಜದ ಕಣಜಕ್ಕೆ ಹೆಸರುಕಾಳು" ಅಂದಳು. ಅರಮನೆ ಗಾಡಿಯವನ ಕಿವಿಯಲ್ಲಿ, "ಯಾರಿಗೂ ಹೇಳಬೇಡಪ್ಪ, ಅವರೆಕಾಳು" ಅಂದಳು. ಸಿರಿಯಣ್ಣನ ಕಿವಿಯಲ್ಲಿ, "ಯಾರಿಗೂ ಹೇಳಬೇಡಣ್ಣ, ಹುರುಳಿ" ಅಂದಳು. ಚೀಲಕ್ಕೆ ಮಾತ್ರ ಎಳ್ಳು ಹಾಕಿದಳು.

ಮಾರನೇ ದಿನ ಗಾಡಿ ಬಂತು. ಗೊತ್ತಿಲ್ಲದ ಮುಖ. ಮುಷ್ಟಿ ಬಿಚ್ಚಿದ, ಹುರುಳಿ! ಗಿಣಿ ಚೀಲ ನೋಡಿತು, ಕೈ ನೋಡಿತು, ಬಾಯೇ ಬಿಡಲಿಲ್ಲ. ಕಾವಲಿನವನು ಅವನ ಕುತ್ತಿಗೆಪಟ್ಟಿ ಹಿಡಿದ.

ರಾಜ ಓಡಿ ಬಂದು ಎಲ್ಲರನ್ನೂ ಒಂದು ಸಲ ಗುರಾಯಿಸಿದ. "ಯಾರ ಕೈವಾಡ ಇದು?"

"ಹುರುಳಿ ಅಂತ ನಾನು ಹೇಳಿದ್ದು ಸಿರಿಯಣ್ಣನಿಗೊಬ್ಬನಿಗೇ ಮಹಾಸ್ವಾಮಿ" ಅಂದಳು ಚೆನ್ನಾಜಮ್ಮ.

ಸಿರಿಯಣ್ಣನ ಮುಖ ಬಿಳಿಚಿಕೊಂಡಿತು. ಹುರುಳಿ ತಂದವನು ಅವನ ಭಾಮೈದನೇ ಅಂತ ಬಯಲಾಯ್ತು. ಇಬ್ಬರಿಗೂ ಗಡಿಪಾರಾಯ್ತು.

ಇಷ್ಟಾದರೂ ರಾಜ ಕಣ್ಣು ಕಿರಿದು ಮಾಡಿ ಕೇಳಿದ, "ಈಗ ಗುಟ್ಟೆಲ್ಲಾ ನಿನಗೊಬ್ಬಳಿಗೇ ಗೊತ್ತು. ನಿನ್ನನ್ನ ಹೇಗೆ ನಂಬಲಿ?"

"ನಂಬಲೇಬೇಡಿ ಸ್ವಾಮಿ! ನಾಳೆಯಿಂದ ಚೀಲಕ್ಕೆ ಕಾಳು ನೀವೇ ಹಾಕಿ. ಗಿಣಿಗೆ ಹೊಸ ಪಾಠ ಬೇಕಿಲ್ಲ, ನನಗೂ ಹೇಳಬೇಕಿಲ್ಲ."

ರಾಜ ಸುತ್ತ ಯಾರೂ ನೋಡುತ್ತಿಲ್ಲ ತಾನೇ ಅಂತ ನೋಡಿಕೊಂಡು, ಮೊದಲ ಸಲ ನಕ್ಕ.

ತಿಳೀತಾ ಮಕ್ಕಳೇ? ಕಲಿಸೋ ಪಾಠದೊಳಗೆ ಗುಟ್ಟು ಸೇರಿಸಬಾರದು. ಸೇರಿಸಿದರೆ ಕಲಿಸಿದವನೇ ಬಾಗಿಲಿಗೆ ಯಜಮಾನನಾಗ್ತಾನೆ. ಪಾಠ ಗಿಣಿಗೆ ಇರಲಿ, ಗುಟ್ಟು ಚೀಲದಲ್ಲಿರಲಿ.